ಪಝಲ್ ಬಿಡಿಸುತ್ತೇನೆ, ಆದರೆ ಆಟದ ನಡುವೆ ಏನು ಆಡಬೇಕೋ ತೋಚುವುದಿಲ್ಲ

ಪ್ರಶ್ನೆ: ಸರ್, ನಾನು ಯಾದಗಿರಿಯವನು. ಬಿ.ಎಸ್ಸಿ. ಕೊನೆಯ ವರ್ಷ. ಕಾಲೇಜಿಗೆ ಅಂತ ಟ್ರೈನಿನಲ್ಲಿ ಕಲಬುರಗಿಗೆ ಬಂದು ಹೋಗುತ್ತೇನೆ. ನನಗೆ ಚೆಸ್ ಕಲಿಸಿದ್ದು ನಮ್ಮ ಅಜ್ಜ, ಅದೂ ಹಳೇ ಪದ್ಧತಿಯಲ್ಲಿ. ಈಗ ಮೊಬೈಲ್‌ನಲ್ಲಿ ಆಡುತ್ತೇನೆ, ಹೆಚ್ಚಾಗಿ ಟ್ರೈನಿನಲ್ಲೇ, 3 ನಿಮಿಷದ ಗೇಮ್. ರೇಟಿಂಗ್ 1200ರ ಆಸುಪಾಸು ನಿಂತುಬಿಟ್ಟಿದೆ. ಪಝಲ್ ಚೆನ್ನಾಗಿಯೇ ಬಿಡಿಸುತ್ತೇನೆ. ಆದರೆ ಗೇಮ್‌ನಲ್ಲಿ ಹತ್ತು ಹನ್ನೆರಡು ನಡೆ ಆದಮೇಲೆ ಹೊಡೆಯಲೂ ಏನಿಲ್ಲ, ಚೆಕ್ ಕೊಡಲೂ ಏನಿಲ್ಲ ಅನ್ನುವ ಹೊತ್ತು ಬರುತ್ತದಲ್ಲ, ಆಗ ಕೈಕಾಲೇ ಆಡುವುದಿಲ್ಲ. ಸುಮ್ನೆ ಒಂದು ಪ್ಯಾದೆ ತಳ್ಳುತ್ತೇನೆ, ಅಲ್ಲಿಂದ ಸೋಲು ಶುರು. ಯಾವ ಆಟಕ್ಕೂ ಹೊಂದುವಂಥ ನಿಯಮಗಳಿದ್ದರೆ ಹೇಳಿ. ಸೋತ ಗೇಮ್ ಒಂದನ್ನು ಕಳಿಸಿದ್ದೇನೆ. ಅಜ್ಜನ ಪದ್ಧತಿಯಲ್ಲಿ ಕಲಿತದ್ದೇ ತೊಂದರೆಯಾಯಿತಾ ಅನ್ನುವ ಅನುಮಾನವೂ ಇದೆ.

ಉತ್ತರ: ನಿಮ್ಮ ಗೇಮನ್ನು ಬೋರ್ಡ್ ಮೇಲೆ ಇಟ್ಟು ನೋಡಿದೆ. ಬಿಳಿ ಕಾಯಿ ನಿಮ್ಮದು. ಇಟಾಲಿಯನ್ ಓಪನಿಂಗ್. ಇ4, ಕುದುರೆ ಎಫ್3, ಒಂಟೆ ಸಿ4, ಡಿ3, ಸಿ3, ಕ್ಯಾಸ್ಲಿಂಗ್ (ಒಂದೇ ನಡೆಯಲ್ಲಿ ರಾಜನನ್ನೂ ಆನೆಯನ್ನೂ ಸರಿಸುವುದು), ಹೆಚ್3. ಈ ಏಳು ನಡೆಯಲ್ಲಿ ಬೊಟ್ಟು ಮಾಡುವಂಥ ತಪ್ಪಿಲ್ಲ. ಎಂಟರಿಂದ ಹನ್ನೊಂದರವರೆಗೆ ರಾಣಿಯನ್ನು ಎರಡು ಸಲ, ಒಂದೇ ಒಂಟೆಯನ್ನು ಎರಡು ಸಲ ಆಡಿಸಿದ್ದೀರಿ. ಹನ್ನೆರಡಕ್ಕೆ ಜಿ4. ಆ ಹೊತ್ತಿಗೆ ನಿಮ್ಮ ಬಿ1 ಕುದುರೆ, ಎ1 ಆನೆ ಹುಟ್ಟಿದ ಮನೆಯಲ್ಲೇ ಇದ್ದವು. 23ನೇ ನಡೆಗೆ ನೀವು ಸೋಲೊಪ್ಪಿಕೊಂಡಾಗಲೂ ಅಲ್ಲೇ ಇದ್ದವು. ಅಂದರೆ ಇಡೀ ಆಟವನ್ನು ಎರಡು ಕಾಯಿ ಕಮ್ಮಿ ಇಟ್ಟುಕೊಂಡು ಆಡಿದ್ದೀರಿ, ಅಲ್ವಾ?

(ಬೇರೆ ಕಡೆಯ ಓದುಗರಿಗೆ ಒಂದು ಮಾತು. ನಮ್ಮ ಕಡೆಯ ಹೆಸರುಗಳನ್ನೇ ಬಳಸುತ್ತಿದ್ದೇನೆ. ಮೂಲೆಯದು ಆನೆ, ರಾಜ ರಾಣಿಯ ಪಕ್ಕದ್ದು ಒಂಟೆ, ಮುಂದಿನ ಸಾಲಿನವು ಪ್ಯಾದೆ. ಮನೆಯ ಹೆಸರಿನಲ್ಲಿ ಅಕ್ಷರ ಅಂದರೆ ಬಿಳಿಯ ಎಡದಿಂದ ಬಲಕ್ಕೆ ಎ ಇಂದ ಹೆಚ್‌ವರೆಗಿನ ಉದ್ದ ಸಾಲು, ಅಂಕಿ ಅಂದರೆ ಬಿಳಿಯ ಕಡೆಯಿಂದ 1ರಿಂದ 8ರವರೆಗಿನ ಅಡ್ಡ ಸಾಲು.)

ನಿಮ್ಮ ಪ್ರಶ್ನೆಗೆ ನನ್ನ ಉತ್ತರ ಮೊದಲೇ ಹೇಳಿಬಿಡುತ್ತೇನೆ. ಹೊಡೆಯಲು ಏನೂ ಸಿಗದಾಗ, ನಿಮ್ಮ ಕಾಯಿಗಳಲ್ಲಿ ಎಲ್ಲಕ್ಕಿಂತ ಕಮ್ಮಿ ಕೆಲಸ ಮಾಡುತ್ತಿರುವುದು ಯಾವುದು ಅಂತ ಹುಡುಕಿ. ಅದು ಎಲ್ಲಿ ಕೂತರೆ ಕೆಲಸಕ್ಕೆ ಬರುತ್ತದೆ ಅಂತ ನೋಡಿ. ಅಲ್ಲಿಗೆ ಅದನ್ನು ನಡೆಸಿ, ಮೂರು ನಾಲ್ಕು ನಡೆ ಹಿಡಿದರೂ ಸರಿ. 1200ರ ಮಟ್ಟದಲ್ಲಿ ಇದೊಂದನ್ನು ಬಿಡದೆ ಮಾಡಿದರೆ ಉಳಿದ ಅರ್ಧ ತೊಂದರೆ ತಾನಾಗಿ ಕಳೆಯುತ್ತದೆ. ಕೋಚ್‌ಗಳು ಹತ್ತಾರು ತತ್ವ ಹೇಳುತ್ತಾರೆ, ನಾನೂ ಕೆಳಗೆ ಕೆಲವನ್ನು ಹೇಳುತ್ತೇನೆ. ಆದರೆ ಗಡಿಯಾರ ಓಡುತ್ತಿರುವಾಗ ತಲೆಯಲ್ಲಿ ಉಳಿಯುವುದು ಒಂದೋ ಎರಡೋ ಮಾತ್ರ. ಉಳಿಯುವುದಾದರೆ ಇದು ಉಳಿಯಲಿ.

ನಿಮ್ಮ ಗೇಮ್‌ನಲ್ಲೇ ನೋಡಿ. ಬಿ1 ಕುದುರೆ ಸಿ3ಕ್ಕೆ ಬರುವಂತಿಲ್ಲ, ಅಲ್ಲಿ ನಿಮ್ಮದೇ ಪ್ಯಾದೆ ಕೂತಿದೆ. ಹಾಗಾದರೆ ಡಿ2. ಅಲ್ಲಿ ನಿಂತರೆ ನಿಮ್ಮ ಸಿ1 ಒಂಟೆಗೇ ಅಡ್ಡ. ಆದ್ದರಿಂದ ಎಫ್1 ಆನೆಯನ್ನು ಮೊದಲು ಇ1ಕ್ಕೆ ಸರಿಸಿ, ಖಾಲಿಯಾದ ಎಫ್1ಕ್ಕೆ ಕುದುರೆ, ಅಲ್ಲಿಂದ ಜಿ3. ಅಲ್ಲಿ ಕೂತ ಕುದುರೆ ಎಫ್5ರ ಮೇಲೆ ಕಣ್ಣಿಟ್ಟಿರುತ್ತದೆ. ಸಂದರ್ಭ ಸಿಕ್ಕರೆ ಹಾರಿ ಎದುರಿನ ರಾಜನ ಬಾಗಿಲಲ್ಲೇ ಕೂರುತ್ತದೆ. ಇದು ನಾನು ಹೊಸದಾಗಿ ಕಂಡುಹಿಡಿದದ್ದಲ್ಲ. ಇಟಾಲಿಯನ್ ಆಡುವ ಗ್ರ್ಯಾಂಡ್‌ಮಾಸ್ಟರ್‌ಗಳು ಎಷ್ಟೋ ವರ್ಷಗಳಿಂದ ಈ ಕುದುರೆಯನ್ನು ಇದೇ ದಾರಿಯಲ್ಲಿ ತರುತ್ತಿದ್ದಾರೆ. ಕುದುರೆ ಹೋದಮೇಲೆ ಸಿ1 ಒಂಟೆಗೆ ದಾರಿ ತೆರೆಯುತ್ತದೆ. ಒಂಟೆ, ರಾಣಿ ಎರಡೂ ಸರಿದರೆ ಎ1 ಆನೆಯೂ ನಡುವಿಗೆ ಬರಬಹುದು. ನೋಡಿ, ಏನೂ ಇಲ್ಲ ಅಂದುಕೊಂಡ ಜಾಗದಲ್ಲಿ ಆರೇಳು ನಡೆಯ ಕೆಲಸ ಬಿದ್ದಿತ್ತು.

ಕಾಯಿ ಹೊರಗೆ ತರುವುದು ಎಷ್ಟು ಮುಖ್ಯ ಅನ್ನುವುದಕ್ಕೆ 1858ರಲ್ಲಿ ಪ್ಯಾರಿಸ್‌ನ ಒಪೆರಾ ಮನೆಯಲ್ಲಿ ಪಾಲ್ ಮಾರ್ಫಿ ಆಡಿದ ಗೇಮ್ ನೋಡಬೇಕು. ಎದುರಿಗೆ ಇಬ್ಬರು ಶ್ರೀಮಂತರು, ಮಾತಾಡಿಕೊಂಡು ಒಟ್ಟಾಗಿ ಆಡಿದರು. 17 ನಡೆಯಲ್ಲಿ ಮಾತ್. ಮಾರ್ಫಿ ಕೊನೆಯಲ್ಲಿ ರಾಣಿಯನ್ನೇ ಕೊಟ್ಟು, ಉಳಿದ ಒಂದು ಆನೆ, ಒಂದು ಒಂಟೆಯಿಂದ ಮುಗಿಸಿದ. ಎಲ್ಲರೂ ಆ ರಾಣಿ ಬಲಿಯನ್ನೇ ಹೊಗಳುತ್ತಾರೆ. ನಾನು ಮಕ್ಕಳಿಗೆ ತೋರಿಸುವುದು ಬೇರೆ. ಮಾತ್ ಆದಾಗ ಕಪ್ಪಿನ ಎಫ್8 ಒಂಟೆ, ಹೆಚ್8 ಆನೆ ಒಂದು ಹೆಜ್ಜೆಯೂ ಕದಲಿರಲಿಲ್ಲ. ಮಾರ್ಫಿಯ ಕಡೆ ಎ1 ಆನೆಯೂ ಹೆಚ್1 ಆನೆಯೂ ಎರಡೂ ಡಿ ಸಾಲಿಗೆ ಬಂದು ಕೆಲಸ ಮಾಡಿದ್ದವು. ಬಲಿ ಕೊಡುವ ಧೈರ್ಯ ಅಲ್ಲಿಂದ ಬಂತು.

ಇನ್ನು ಪ್ಯಾದೆ. ನಿಮ್ಮ ನಿಜವಾದ ರೋಗ ಇಲ್ಲಿದೆ, ಆದ್ದರಿಂದ ಸ್ವಲ್ಪ ಜಾಸ್ತಿ ಹೇಳುತ್ತೇನೆ.

ಉಳಿದ ಕಾಯಿಗಳು ತಪ್ಪು ಮನೆಗೆ ಹೋದರೆ ವಾಪಸ್ ಬರಬಹುದು. ಪ್ಯಾದೆ ಬರುವುದಿಲ್ಲ. ಅದು ಮುಂದೆ ಹೋದಾಗ ತಾನು ಕಾಯುತ್ತಿದ್ದ ಮನೆಗಳನ್ನು ಬಿಟ್ಟು ಹೋಗುತ್ತದೆ. ಜಿ2ರಲ್ಲಿದ್ದ ನಿಮ್ಮ ಪ್ಯಾದೆ ಎಫ್3, ಹೆಚ್3 ಎರಡನ್ನೂ ಕಾಯುತ್ತಿತ್ತು. ಬೇಕಾದರೆ ಜಿ3ಕ್ಕೆ ಬಂದು ಎಫ್4ರಿಂದ ಕುದುರೆಯನ್ನು ಓಡಿಸಬಹುದಿತ್ತು. ಜಿ4 ಆದಮೇಲೆ ಅದೆಲ್ಲ ಮುಗಿಯಿತು. ನಿಮ್ಮ ಎದುರಾಳಿ ಮಾಡಿದ್ದೂ ಅದನ್ನೇ. ಡಿ5 ತಳ್ಳಿ ನಡುವನ್ನು ತೆರೆದ, ಪ್ಯಾದೆ ಹೊಡೆದಾಡಿದ ಮೇಲೆ ಕುದುರೆಯನ್ನು ಡಿ5ಕ್ಕೆ, ಅಲ್ಲಿಂದ ಎಫ್4ಕ್ಕೆ ತಂದ. ಅದನ್ನು ಅಲ್ಲಿಂದ ಎಬ್ಬಿಸಲು ನಿಮ್ಮ ಹತ್ತಿರ ಒಂದೂ ಪ್ಯಾದೆ ಇರಲಿಲ್ಲ. ಸಿ1 ಒಂಟೆ ಇದ್ದಿದ್ದರೆ ಹೊಡೆಯಬಹುದಿತ್ತು. ಅದನ್ನು ಹತ್ತನೇ ನಡೆಗೇ ಒಂದು ಕುದುರೆಗೆ ಕೊಟ್ಟು ಮುಗಿಸಿದ್ದಿರಿ.

ಅಂಚಿನಲ್ಲಿ ದಾಳಿ ಮಾಡಿದರೆ ನಡುವಿನಲ್ಲಿ ಉತ್ತರ ಸಿಗುತ್ತದೆ ಅನ್ನುವುದು ಹಳೆಯ ನಿಯಮ. ಕಾರಣ ಸರಳ. ನಡುವಿನಲ್ಲಿ ನಿಂತ ಕಾಯಿ ಎರಡೂ ಕಡೆ ಬೇಗ ಹೋಗುತ್ತದೆ. ಬರೀ ಬೋರ್ಡಿನ ಮೇಲೆ ಇ4ರಲ್ಲಿ ನಿಂತ ಕುದುರೆಗೆ ಎಂಟು ಮನೆ, ಎ1ರ ಮೂಲೆಯಲ್ಲಿ ನಿಂತ ಕುದುರೆಗೆ ಎರಡೇ ಮನೆ. ನೀವು ರಾಜನ ಮುಂದಿನ ಪ್ಯಾದೆಗಳನ್ನು ತಳ್ಳುವ ಮೊದಲು ನಡು ಮುಚ್ಚಿದೆಯೋ ತೆರೆಯಬಹುದೋ ಅಂತ ನೋಡಲೇಬೇಕು. ಮುಚ್ಚಿದ್ದರೆ ಜಿ4 ಎಷ್ಟೋ ಸಲ ಒಳ್ಳೆಯ ನಡೆಯೇ. ಎದುರಾಳಿಗೆ ಡಿ5 ತಳ್ಳುವ ಅವಕಾಶ ಇದ್ದರೆ ನಿಮ್ಮ ದಾಳಿ ನಿಮ್ಮ ರಾಜನ ಮೇಲೆಯೇ ತಿರುಗುತ್ತದೆ. 1886ರಲ್ಲಿ ಮೊದಲ ಅಧಿಕೃತ ವಿಶ್ವ ಚಾಂಪಿಯನ್ ಆದ ವಿಲ್ಹೆಲ್ಮ್ ಸ್ಟೈನಿಟ್ಜ್ ಈ ವಿಷಯದಲ್ಲಿ ಬಹಳ ಕಟ್ಟುನಿಟ್ಟು. ಅವನ ಪ್ರಕಾರ ದಾಳಿ ಅನ್ನುವುದು ಮನಸ್ಸು ಬಂದಾಗ ಮಾಡುವುದಲ್ಲ. ಸಣ್ಣ ಸಣ್ಣ ಲಾಭ ಕೂಡಿಹಾಕಿದವನಿಗೆ ಮಾತ್ರ ಆ ಹಕ್ಕು. ಅವನ ಕಾಲದವರಿಗೆ ಇದು ಸಪ್ಪೆ ಅನಿಸಿತ್ತು. ಮೊಬೈಲ್‌ನಲ್ಲಿ ಆಡುವ ಈಗಿನ ಹುಡುಗರಿಗೂ ಸಪ್ಪೆ ಅನಿಸುತ್ತದೆ, ನನಗೆ ಗೊತ್ತು. ಆದರೂ ಸರಿ.

ಪ್ಯಾದೆಗಳು ಇನ್ನೊಂದು ಕೆಲಸ ಮಾಡುತ್ತವೆ. ಯಾವ ಕಡೆ ಆಡಬೇಕು ಅಂತ ದಾರಿ ತೋರಿಸುತ್ತವೆ. ಫ್ರೆಂಚ್ ಡಿಫೆನ್ಸ್ ತೆಗೆದುಕೊಳ್ಳಿ. ಇ4 ಇ6, ಡಿ4 ಡಿ5, ಇ5. ಈಗ ಬಿಳಿಯ ಪ್ಯಾದೆಗಳು ಡಿ4, ಇ5ರಲ್ಲಿ ಸರಪಳಿಯ ಹಾಗೆ ಓರೆಯಾಗಿ ನಿಂತು ರಾಜನ ಬದಿಯತ್ತ ಮುಖ ಮಾಡಿವೆ. ಬಿಳಿಗೆ ಆ ಕಡೆ ಜಾಗ ಜಾಸ್ತಿ, ಅವನು ಅಲ್ಲಿ ಆಡಬೇಕು. ಕಪ್ಪು ಏನು ಮಾಡಬೇಕು? ಸರಪಳಿಯ ಬುಡ ಡಿ4ರಲ್ಲಿದೆ. ಅದನ್ನು ಸಿ5 ತಳ್ಳಿ ಅಲುಗಾಡಿಸಬೇಕು. ಅದಕ್ಕೇ ಫ್ರೆಂಚ್ ಆಡುವವರು ಮೂರನೇ ನಡೆಗೇ ಸಿ5 ಆಡುವುದು. ಬುಡ ಬಿಟ್ಟು ತುದಿಗೆ ಹೊಡೆದರೆ ಸರಪಳಿ ಅಷ್ಟು ಸುಲಭಕ್ಕೆ ಮುರಿಯುವುದಿಲ್ಲ. ಇಷ್ಟು ಗೊತ್ತಿದ್ದರೆ ಐದನೇ ನಡೆಯಲ್ಲೇ ನಿಮ್ಮ ಹತ್ತಿರ ಒಂದು ಯೋಜನೆ ಇರುತ್ತದೆ. ಬಾಯಿಪಾಠ ಮಾಡಿದ ಓಪನಿಂಗ್ ಲೈನ್ ಬೇಕಾಗುವುದಿಲ್ಲ.

ಇದೇ ಓಪನಿಂಗ್‌ನಲ್ಲಿ ಕಪ್ಪಿನ ಸಿ8 ಒಂಟೆಯನ್ನು ನೋಡಿ. ಅದು ಬಿಳಿ ಮನೆಗಳ ಮೇಲೆ ಓಡಾಡುವ ಒಂಟೆ. ಅದರದ್ದೇ ಪ್ಯಾದೆಗಳು ಇ6, ಡಿ5 ಅನ್ನುವ ಬಿಳಿ ಮನೆಗಳಲ್ಲೇ ಕೂತು ದಾರಿ ಕಟ್ಟಿವೆ. ಇಂಥದ್ದನ್ನು ಕೆಟ್ಟ ಒಂಟೆ ಅನ್ನುತ್ತಾರೆ. ಬುದ್ಧಿವಂತ ಆಟಗಾರ ಬಿ6 ಆಡಿ, ಒಂಟೆಯನ್ನು ಎ6ಕ್ಕೆ ತಂದು, ಬಿಳಿಯ ಒಳ್ಳೆಯ ಒಂಟೆಯ ಜೊತೆ ಬದಲಾಯಿಸಿಕೊಳ್ಳಲು ನೋಡುತ್ತಾನೆ. ನಿಮ್ಮ ಹತ್ತಿರ ಒಂದೇ ಒಂಟೆ ಉಳಿದಿದ್ದರೆ ನಿಮ್ಮ ಪ್ಯಾದೆಗಳನ್ನು ಅದರ ವಿರುದ್ಧ ಬಣ್ಣದ ಮನೆಗಳಲ್ಲಿ ಇಡಿ. ಒಂಟೆಗೂ ಓಡಾಡಲು ಜಾಗ, ಪ್ಯಾದೆಗಳು ಕಾಯದ ಮನೆಗಳಿಗೆ ಒಂಟೆಯ ಕಾವಲು.

ತೂತು ಅನ್ನುವುದನ್ನೂ ಇಲ್ಲೇ ಹೇಳಿಬಿಡುತ್ತೇನೆ. ಯಾವ ಪ್ಯಾದೆಯೂ ಇನ್ನು ಕಾಯಲಾಗದ ಮನೆ ಅದು. ಕಪ್ಪು ಸಿ5, ಇ5 ಎರಡನ್ನೂ ತಳ್ಳಿದರೆ ಡಿ5 ಮನೆ ಅವನಿಗೆ ತೂತಾಗುತ್ತದೆ. ಅಲ್ಲಿ ನಿಮ್ಮ ಕುದುರೆ ಕೂತರೆ ಅವನು ಕಾಯಿ ಕೊಟ್ಟೇ ಅದನ್ನು ಕಳೆಯಬೇಕು. ಒಂಟಿ ಪ್ಯಾದೆಯ, ಅಂದರೆ ಎರಡೂ ಪಕ್ಕದ ಸಾಲಿನಲ್ಲಿ ಜೊತೆಗಾರರಿಲ್ಲದ ಪ್ಯಾದೆಯ ಎದುರಿನ ಮನೆಯೂ ಹೀಗೆಯೇ. ಹೊಸಬರು ಒಂಟಿ ಪ್ಯಾದೆ ಕಂಡ ಕೂಡಲೇ ಹೊಡೆಯಲು ಓಡುತ್ತಾರೆ. ಮೊದಲು ಅದರ ಮುಂದೆ ಕುದುರೆ ಕೂರಿಸಿ. ಅದು ಎಲ್ಲಿಗೂ ಹೋಗುವುದಿಲ್ಲ, ಹೊಡೆಯಲು ಆಮೇಲೂ ಸಮಯ ಇದೆ.

ಈಗ ಕಾಯಿ ಅದಲುಬದಲು. ನಿಮ್ಮ ಮಟ್ಟದಲ್ಲಿ ಎಲ್ಲರೂ ಎಡವುವ ಜಾಗ ಇದೇ ಅನ್ನುವುದು ನನ್ನ ಅಭಿಪ್ರಾಯ. ಪ್ಯಾದೆಗೆ 1, ಕುದುರೆಗೆ 3, ಒಂಟೆಗೆ 3, ಆನೆಗೆ 5, ರಾಣಿಗೆ 9 ಅಂತ ಎಲ್ಲರಿಗೂ ಗೊತ್ತು. ಆ ಅಂಕಿಗಳು ತೊಗರಿಯ ಬೆಂಬಲ ಬೆಲೆ ಇದ್ದ ಹಾಗೆ. ಲೆಕ್ಕಕ್ಕೆ ಬೇಕು, ಆದರೆ ಗಂಜ್‌ನಲ್ಲಿ ಆ ದಿನ ನಡೆಯುವ ರೇಟೇ ಬೇರೆ. ಎಲ್ಲ ಮುಚ್ಚಿಕೊಂಡ ಆಟದಲ್ಲಿ ಕುದುರೆಯ ರೇಟು ಒಂಟೆಗಿಂತ ಮೇಲೆ ಹೋಗುತ್ತದೆ. ಬಯಲಾದ ಆಟದಲ್ಲಿ ಒಂಟೆ ಮೇಲೆ. ಎರಡೂ ಒಂಟೆ ಇಟ್ಟುಕೊಂಡವನಿಗೆ ಸುಮಾರು ಅರ್ಧ ಪ್ಯಾದೆಯಷ್ಟು ಹೆಚ್ಚಿನ ಬೆಲೆ ಸಿಗುತ್ತದೆ. ನೀವು ಹತ್ತನೇ ನಡೆಗೆ ಒಂಟೆ ಕೊಟ್ಟು ಕುದುರೆ ಹೊಡೆದದ್ದು ಯಾಕೆ ಅಂತ ನಿಮ್ಮನ್ನೇ ಕೇಳಿಕೊಳ್ಳಿ. 'ಹೊಡೆಯಬಹುದಿತ್ತು, ಹೊಡೆದೆ' ಅನ್ನುವುದು ಉತ್ತರವಾದರೆ ಅದು ವ್ಯಾಪಾರ ಅಲ್ಲ.

ಬದಲಾಯಿಸುವ ಮುನ್ನ ನೋಡಬೇಕಾದ್ದು ಬೋರ್ಡ್ ಮೇಲೆ ಉಳಿಯುವುದೇನು ಅಂತ. ಹೋಗುವುದರ ಕಡೆಗೆ ಎಲ್ಲರ ಕಣ್ಣಿರುತ್ತದೆ, ಉಳಿಯುವುದನ್ನು ಯಾರೂ ನೋಡುವುದಿಲ್ಲ. ಕಾಯಿ ಹೆಚ್ಚಿದ್ದವನು ಕಾಯಿಗಳನ್ನು ಬದಲಾಯಿಸಬೇಕು, ಪ್ಯಾದೆಗಳನ್ನು ಉಳಿಸಿಕೊಳ್ಳಬೇಕು. ಐದಕ್ಕೆ ನಾಲ್ಕು ಇದ್ದಾಗ ನಿಮ್ಮ ಹೆಚ್ಚಳ ಅಷ್ಟೇನೂ ಕಾಣುವುದಿಲ್ಲ, ಎರಡಕ್ಕೆ ಒಂದು ಆದಾಗ ಎದುರಾಳಿ ಉಸಿರಾಡಲಾರ. ಕಮ್ಮಿ ಇದ್ದವನು ಇದರ ಉಲ್ಟಾ, ಪ್ಯಾದೆಗಳನ್ನು ಕಡಿಮೆ ಮಾಡುತ್ತಾ ಡ್ರಾ ಕಡೆ ಹೋಗಬೇಕು. ಜಾಗ ಇಕ್ಕಟ್ಟಾದವನಿಗೆ ಬದಲಾವಣೆ ಒಳ್ಳೆಯದು, ಜಾಗ ಜಾಸ್ತಿ ಇದ್ದವನು ಬದಲಾವಣೆ ತಪ್ಪಿಸಬೇಕು.

ಇದು ಹೊಸಬರ ಪಾಠ ಅಂದುಕೊಳ್ಳಬೇಡಿ. 2024ರ ಡಿಸೆಂಬರ್ 12ರಂದು ಸಿಂಗಪುರದಲ್ಲಿ ವಿಶ್ವ ಚಾಂಪಿಯನ್‌ಷಿಪ್‌ನ 14ನೇ, ಕೊನೆಯ ಗೇಮ್. ಆಗಿನ ಚಾಂಪಿಯನ್ ಡಿಂಗ್ ಲಿರೆನ್ ಬಿಳಿ, ನಮ್ಮ ಗುಕೇಶ್ ಕಪ್ಪು. ಅಂಕ 6.5–6.5. ಇಬ್ಬರ ಹತ್ತಿರವೂ ಒಂದು ಆನೆ, ಒಂದು ಒಂಟೆ. ಗುಕೇಶ್‌ಗೆ ಒಂದು ಪ್ಯಾದೆ ಜಾಸ್ತಿ, ಆದರೂ ಸರಿಯಾಗಿ ಆಡಿದರೆ ಡ್ರಾ ಆಗುವ ಆಟ. 55ನೇ ನಡೆಗೆ ಡಿಂಗ್ ಆನೆಯನ್ನು ಎಫ್2ಕ್ಕೆ ಇಟ್ಟು ಆನೆ ಬದಲಾವಣೆಗೆ ಮುಂದಾದರು. ಕಾಯಿ ಕಮ್ಮಿಯಾದರೆ ಡ್ರಾ ಹತ್ತಿರ ಅನ್ನುವುದು ಸಹಜವಾದ ಲೆಕ್ಕ. ಆದರೆ ಅವರ ಒಂಟೆ ಎ8ರ ಮೂಲೆಯಲ್ಲಿ ಸಿಕ್ಕಿಕೊಂಡಿತ್ತು. ಆನೆಗಳು ಹೋದ ಕೂಡಲೇ ಗುಕೇಶ್ ತಮ್ಮ ಒಂಟೆಯನ್ನು ಡಿ5ಕ್ಕೆ ತಂದು ಎದುರು ನಿಲ್ಲಿಸಿದರು. ಒಂಟೆ ಬದಲಾವಣೆಯೂ ತಪ್ಪಿಸಲಾಗದ್ದಾಯಿತು. ಉಳಿದದ್ದು ಬರೀ ರಾಜ ಮತ್ತು ಪ್ಯಾದೆ. ಆನೆ ಇರುವ ಕೊನೆಯಾಟದಲ್ಲಿ ಒಂದು ಪ್ಯಾದೆ ಕಮ್ಮಿ ಇದ್ದರೂ ಎಷ್ಟೋ ಸಲ ಉಳಿದುಕೊಳ್ಳಬಹುದು. ಬರೀ ಪ್ಯಾದೆಗಳ ಕೊನೆಯಾಟದಲ್ಲಿ ಆ ಒಂದು ಪ್ಯಾದೆಯೇ ಹೆಚ್ಚಾಗಿ ತೀರ್ಮಾನ ಮಾಡುತ್ತದೆ. ಗುಕೇಶ್ 18ನೇ ವಯಸ್ಸಿಗೆ 18ನೇ ವಿಶ್ವ ಚಾಂಪಿಯನ್ ಆದದ್ದು ಒಂದು ತಪ್ಪು ಬದಲಾವಣೆಯಿಂದ. ಡಿಂಗ್‌ರಂಥವರಿಗೇ ಸುಸ್ತಿನಲ್ಲಿ ಹೀಗಾದರೆ, ಮೂರು ನಿಮಿಷದ ಗೇಮ್‌ನಲ್ಲಿ ನಿಮಗೆ ಆಗುವುದು ದೊಡ್ಡದಲ್ಲ.

ಎದುರಾಳಿ ಏನು ಮಾಡಲು ಹೊರಟಿದ್ದಾನೆ ಅನ್ನುವುದು ಮುಂದಿನ ಮಾತು. ಅವನ ಪ್ರತಿ ನಡೆಯ ನಂತರ, 'ಈಗ ನನಗೆ ಆಡಲು ಬಿಡದೆ ಅವನಿಗೇ ಇನ್ನೊಂದು ನಡೆ ಕೊಟ್ಟರೆ ಏನು ಆಡುತ್ತಾನೆ' ಅಂತ ಕೇಳಿಕೊಳ್ಳಿ. 1963ರಿಂದ 1969ರವರೆಗೆ ವಿಶ್ವ ಚಾಂಪಿಯನ್ ಆಗಿದ್ದ ಟಿಗ್ರಾನ್ ಪೆಟ್ರೋಸಿಯನ್ ಇದರಲ್ಲೇ ಹೆಸರು ಮಾಡಿದವನು. ಎದುರಾಳಿಗೆ ಹೊಳೆಯುವ ಮೊದಲೇ ಅವನ ಯೋಜನೆಗೆ ಅಡ್ಡಗಾಲು ಹಾಕಿರುತ್ತಿದ್ದ. ನಿಮ್ಮ ಗೇಮ್‌ನ ಹನ್ನೊಂದನೇ ನಡೆಯ ನಂತರ ಈ ಪ್ರಶ್ನೆ ಕೇಳಿಕೊಂಡಿದ್ದರೆ ಡಿ5 ಕಣ್ಣಿಗೆ ಬೀಳುತ್ತಿತ್ತು. ಜಿ4 ಆಡುತ್ತಿರಲಿಲ್ಲ.

ಆನೆಗಳಿಗೆ ತೆರೆದ ಸಾಲು ಬೇಕು, ಅಂದರೆ ಪ್ಯಾದೆಗಳಿಲ್ಲದ ಸಾಲು. ಇದನ್ನು ಎಲ್ಲರೂ ಹೇಳುತ್ತಾರೆ. ಆದರೆ ಇಬ್ಬರ ಆನೆಗಳೂ ಒಂದೇ ಸಾಲಿಗೆ ಬಂದರೆ ಬದಲಾಗಿ ಮುಗಿದುಹೋಗುತ್ತವಲ್ಲ, ಆಗೇನು? 1974ರಲ್ಲಿ ಫ್ರಾನ್ಸ್‌ನ ನೀಸ್‌ನಲ್ಲಿ ನಡೆದ ಒಲಿಂಪಿಯಾಡ್‌ನಲ್ಲಿ ಅನತೋಲಿ ಕಾರ್ಪೋವ್, ಉನ್‌ಸಿಕರ್ ವಿರುದ್ಧ ತೋರಿಸಿದ ಉಪಾಯ ನನಗೆ ಬಹಳ ಇಷ್ಟ. ತೆರೆದ ಎ ಸಾಲಿನಲ್ಲಿ, 24ನೇ ನಡೆಗೆ, ತನ್ನ ಒಂಟೆಯನ್ನು ಎ7ರಲ್ಲಿ ಕೂರಿಸಿ ಸಾಲನ್ನೇ ಮುಚ್ಚಿಬಿಟ್ಟ. ಈಗ ಕಪ್ಪಿನ ಆನೆಗಳು ಬದಲಾವಣೆಗೆ ಮುಂದೆ ಬರುವಂತಿಲ್ಲ. ಒಂಟೆಯ ಹಿಂದೆ ಕಾರ್ಪೋವ್ ನಿಧಾನಕ್ಕೆ ಎರಡೂ ಆನೆಗಳನ್ನು ಆ ಸಾಲಿಗೆ ತಂದ. ಒಂಟೆ ಯಾವಾಗ ಸರಿದರೂ ಸಾಲು ಅವನದ್ದೇ. ಕಪ್ಪಿನ ಕಾಯಿಗಳು ಆ ಭಯಕ್ಕೆ ಅಲ್ಲೇ ಕಟ್ಟಿಬಿದ್ದವು. ಆಮೇಲೆ ಗೆದ್ದದ್ದು ಇನ್ನೊಂದು ಬದಿಯಲ್ಲಿ, ರಾಜನ ಕಡೆ ಎಫ್4 ತಳ್ಳಿ. ಒಂದು ಕಡೆಯ ದೌರ್ಬಲ್ಯವನ್ನು ಎದುರಾಳಿ ಹೇಗೋ ಕಾಯ್ದುಕೊಳ್ಳುತ್ತಾನೆ. ಎರಡನೆಯದನ್ನೂ ಹುಟ್ಟಿಸಿದರೆ ಕಾಯಿ ಸಾಲುವುದಿಲ್ಲ.

ಕೊನೆಯಾಟದಲ್ಲಿ ರಾಜನನ್ನು ಹೊರಗೆ ತನ್ನಿ. ರಾಣಿಗಳು ಹೋದಮೇಲೂ ನಿಮ್ಮಲ್ಲಿ ಅನೇಕರು ರಾಜನನ್ನು ಜಿ1ರಲ್ಲೇ ಮುಚ್ಚಿಟ್ಟಿರುತ್ತೀರಿ. 1924ರ ನ್ಯೂಯಾರ್ಕ್ ಟೂರ್ನಿಯಲ್ಲಿ ಆಗಿನ ವಿಶ್ವ ಚಾಂಪಿಯನ್ ಕಾಪಾಬ್ಲಾಂಕಾ, ಟಾರ್ಟಕೋವರ್ ವಿರುದ್ಧದ ಆನೆ ಕೊನೆಯಾಟದಲ್ಲಿ ಎರಡು ಪ್ಯಾದೆಗಳನ್ನು, ಅದೂ ಚೆಕ್ ಸಮೇತ, ಹೊಡೆಸಿಕೊಂಡು ರಾಜನನ್ನು ಎಫ್6ಕ್ಕೆ ನಡೆಸಿದ. ಅಲ್ಲಿಂದ ಅವನ ರಾಜ ಮತ್ತು ಜಿ ಪ್ಯಾದೆ ಸೇರಿ ಆಟ ಮುಗಿಸಿದವು. ಎರಡು ಪ್ಯಾದೆಗಿಂತ ಕೆಲಸ ಮಾಡುವ ರಾಜನ ಬೆಲೆ ಜಾಸ್ತಿ ಇತ್ತು. ಆ ಗೇಮನ್ನು ಬೋರ್ಡ್ ಮೇಲೆ ಇಟ್ಟು ನೋಡಿ, ಮೊಬೈಲ್‌ನಲ್ಲಿ ಬೆರಳಾಡಿಸಿ ಮುಗಿಸಬೇಡಿ.

ಅಜ್ಜನ ಪದ್ಧತಿಯ ಬಗ್ಗೆ ಕೇಳಿದ್ದೀರಿ. ಊರಿಂದೂರಿಗೆ ಸ್ವಲ್ಪ ಬದಲಾದರೂ ನಮ್ಮ ಹಳೇ ಆಟದಲ್ಲಿ ಪ್ಯಾದೆ ಮೊದಲ ಸಲವೂ ಒಂದೇ ಮನೆ ನಡೆಯುತ್ತದೆ. ಈಗಿನ ಕ್ಯಾಸ್ಲಿಂಗ್ ಇಲ್ಲ, ರಾಜ ಒಂದು ಸಲ ಕುದುರೆಯ ಹಾಗೆ ಹಾರಬಹುದು. ಕೊನೆಯ ಮನೆ ಮುಟ್ಟಿದ ಪ್ಯಾದೆ ಆ ಸಾಲಿನ ಕಾಯಿಯೇ ಆಗುತ್ತದೆ. ಇದರಿಂದ ನಿಮಗೆ ನಷ್ಟವಾಗಿಲ್ಲ. ಪಂಜಾಬಿನ ಮೀರ್ ಸುಲ್ತಾನ್ ಖಾನ್ ಇದೇ ಭಾರತೀಯ ನಿಯಮಗಳಲ್ಲಿ ಆಡಿ ಬೆಳೆದವರು. 1929ರಲ್ಲಿ ಇಂಗ್ಲೆಂಡಿಗೆ ಹೋಗಿ ಅದೇ ವರ್ಷ ಬ್ರಿಟಿಷ್ ಚಾಂಪಿಯನ್ ಆದರು. 1932, 1933ರಲ್ಲಿ ಮತ್ತೆ ಗೆದ್ದರು. 1930–31ರ ಹೇಸ್ಟಿಂಗ್ಸ್ ಟೂರ್ನಿಯಲ್ಲಿ ಕಾಪಾಬ್ಲಾಂಕಾನನ್ನೇ ಸೋಲಿಸಿದರು. ಓಪನಿಂಗ್ ಪುಸ್ತಕದ ಓದು ಅವರಿಗೆ ಹೆಚ್ಚೇನೂ ಇರಲಿಲ್ಲ, ಶುರುವಿನಲ್ಲಿ ಎಷ್ಟೋ ಸಲ ಹಿಂದೆ ಬೀಳುತ್ತಿದ್ದರು. ಆದರೆ ನಡು ಆಟ, ಕೊನೆಯಾಟದಲ್ಲಿ ಅವರನ್ನು ಹಿಡಿಯುವುದು ಕಷ್ಟವಾಗಿತ್ತು. ಪ್ಯಾದೆ ಒಂದೊಂದೇ ಮನೆ ನಡೆಯುವ ಆಟದಲ್ಲಿ ಎದುರಾಳಿ ಬೇಗ ಮೈಮೇಲೆ ಬರುವುದಿಲ್ಲ, ಕಾಯಿಗಳನ್ನು ಎಲ್ಲಿಡಬೇಕು ಅಂತ ಯೋಚಿಸಲು ಸಮಯ ಸಿಗುತ್ತದೆ. ಅಂತರರಾಷ್ಟ್ರೀಯ ಚೆಸ್ ಸಂಸ್ಥೆ ಫಿಡೆ ಅವರಿಗೆ ಗೌರವ ಗ್ರ್ಯಾಂಡ್‌ಮಾಸ್ಟರ್ ಪದವಿ ಕೊಟ್ಟದ್ದು 2024ರಲ್ಲಿ, ಅವರು ತೀರಿಹೋಗಿ ಎಷ್ಟೋ ದಶಕಗಳಾದ ಮೇಲೆ. ಅಜ್ಜನ ಜೊತೆ ಆಡುವುದನ್ನು ಬಿಡಬೇಡಿ. ಟೂರ್ನಿಗೆ ಬರುವಾಗ ಮಾತ್ರ ಈಗಿನ ನಿಯಮಗಳು, ಮುಖ್ಯವಾಗಿ ಆನ್ ಪಾಸಾನ್ ಹೊಡೆತ (ಎರಡು ಮನೆ ಹಾರಿ ನಿಮ್ಮ ಪ್ಯಾದೆಯ ಪಕ್ಕ ನಿಂತ ಪ್ಯಾದೆಯನ್ನು, ಒಂದೇ ಮನೆ ನಡೆದಂತೆ, ಮರುನಡೆಯಲ್ಲೇ ಹೊಡೆಯುವುದು), ಬೆರಳ ತುದಿಯಲ್ಲಿರಲಿ. ನಮ್ಮ ಕಡೆಯ ಟೂರ್ನಿಗಳಲ್ಲಿ ಅದನ್ನು 'ಮೋಸ' ಅಂತ ಜಗಳ ಮಾಡಿದ ದೊಡ್ಡವರನ್ನೂ ನಾನು ನೋಡಿದ್ದೇನೆ.

ಇಷ್ಟೆಲ್ಲ ಹೇಳಿದ ಮೇಲೆ ಒಂದು ಎಚ್ಚರಿಕೆ. ಈ ಯಾವ ತತ್ವವೂ ಲೆಕ್ಕಕ್ಕಿಂತ ದೊಡ್ಡದಲ್ಲ. ಕುದುರೆಯನ್ನು ಜಿ3ಕ್ಕೆ ತರುವ ಸಂಭ್ರಮದಲ್ಲಿ ರಾಣಿ ಹೊಡೆಸಿಕೊಂಡರೆ ನನ್ನನ್ನು ಬೈಯಬೇಡಿ. ಪ್ರತಿ ನಡೆಗೂ ಮೊದಲು ಚೆಕ್, ಹೊಡೆತ, ಬೆದರಿಕೆ, ಈ ಮೂರನ್ನು ನಿಮ್ಮ ಕಡೆಯಿಂದಲೂ ಅವನ ಕಡೆಯಿಂದಲೂ ನೋಡಿ. ನೀವು ಪಝಲ್ ಬಿಡಿಸುವವರು, ಇದು ನಿಮಗೆ ಬರುತ್ತದೆ. ಮೂರೂ ಇಲ್ಲ ಅಂತ ಖಾತ್ರಿಯಾದ ಮೇಲೆ ಕೆಲಸವಿಲ್ಲದ ಕಾಯಿಯನ್ನು ಹುಡುಕಿ. ಗೇಮ್‌ನಲ್ಲಿ 'ಇಲ್ಲೇನೋ ಇದೆ' ಅಂತ ಯಾರೂ ಹೇಳುವುದಿಲ್ಲ, ನಿಜ. ಆದರೆ ಕಾಯಿಗಳು ಒಳ್ಳೆಯ ಮನೆಗಳಲ್ಲಿ ಕೂತ ಆಟಗಳಲ್ಲೇ ಅಂಥ ಪಝಲ್ ಹುಟ್ಟುವುದು.

ಕೊನೆಯದಾಗಿ, 3 ನಿಮಿಷದ ಗೇಮ್ ಸದ್ಯಕ್ಕೆ ಬಿಡಿ. ಯಾದಗಿರಿಯಿಂದ ಕಲಬುರಗಿಗೆ ಬರುವ ಹೊತ್ತಿನಲ್ಲಿ ಐದಾರು ಬ್ಲಿಟ್ಜ್ ಮುಗಿಯುತ್ತವೆ, ಒಂದರಲ್ಲೂ ಯೋಚಿಸಲು ಜಾಗವಿಲ್ಲ. ಅದರ ಬದಲು ಟ್ರೈನಿನಲ್ಲಿ ಪಝಲ್ ಬಿಡಿಸಿ, ಸಂಜೆ ಮನೆಯಲ್ಲಿ 15 ನಿಮಿಷ, ನಡೆಗೆ 10 ಸೆಕೆಂಡ್ ಹೆಚ್ಚುವರಿ ಇರುವ ಒಂದೇ ಗೇಮ್ ಆಡಿ. ಆಟ ಮುಗಿದ ಕೂಡಲೇ ಎಂಜಿನ್, ಅಂದರೆ ನಡೆಗಳನ್ನು ತೂಗಿ ಹೇಳುವ ಕಂಪ್ಯೂಟರ್ ಪ್ರೋಗ್ರಾಂ, ಹಚ್ಚಬೇಡಿ. ಹತ್ತನೇ ನಡೆಯ ನಂತರ ಪ್ರತಿ ನಡೆಯ ಎದುರು ಯಾಕೆ ಆಡಿದೆ ಅಂತ ಒಂದು ಸಾಲು ಕನ್ನಡದಲ್ಲಿ ಬರೆಯಿರಿ. 'ಸುಮ್ನೆ' ಅಂತ ಬರೆಯಬೇಕಾದ ನಡೆಗಳು ಎಷ್ಟು ಅಂತ ಅಲ್ಲೇ ಕಾಣುತ್ತದೆ. ಎಂಜಿನ್ ಅದಾದ ಮೇಲೆ. ಮುಂದಿನ ಸಲ ಗೇಮ್ ಕಳಿಸುವಾಗ ನನಗೆ ಆ ಸಾಲುಗಳನ್ನೂ ಕಳಿಸಿ. ಎಂಜಿನ್ ಕೊಟ್ಟ ಅಂಕ ಬೇಡ, ಅದನ್ನು ನಾನೇ ನೋಡಿಕೊಳ್ಳುತ್ತೇನೆ.